ಮೂರನೆಯ ಓಣಿ

ಮನೆ ಲಾರಿಯ ಮೇಲಿತ್ತು.
ಮಡಿಚಿದ ಗೋಡೆ, ಸುತ್ತಿದ ಉಣ್ಣೆಯ ಹೊದಿಕೆ, ಒಲೆ,
ಎಲ್ಲದರ ಮೇಲೆ ಅಂಗಾತ ಮಲಗಿದ
ಕಿತ್ತಳೆ ಬಣ್ಣದ ಬಾಗಿಲು.
ಗಂಟೆಗಿಷ್ಟು ಎಂದು ಬಾಡಿಗೆ ಮಾತಾಡಿದ ಡ್ರೈವರ್,
ಗಲ್ಸಾನ್ ಹಟ ಹಿಡಿದು ತಂದ ಉದ್ದನೆಯ ಕೋಲು ನೋಡಿ
'ಉಲಾನ್‌ಬಾತರಿನಲ್ಲಿ ಯಾವ ಕುದುರೆಗೆ ಕುಣಿಕೆ ಹಾಕ್ತೀಯಪ್ಪಾ?' ಅಂದ.
ಗಲ್ಸಾನ್ ಮಾತಾಡಲಿಲ್ಲ.
ಕುದುರೆಗಳು ಅವನ ತಮ್ಮನ ಹತ್ತಿರ ಉಳಿದಿವೆ.
ಕುರಿಗಳು ನೋಟಾಗಿ ನನ್ನ ಸೊಂಟದಲ್ಲಿವೆ.

ಹನ್ನೊಂದು ವರ್ಷ ನಾವು ಮನೆ ಹೂಡಿದ್ದು
ಹುಲ್ಲು ನೋಡಿ, ನೀರು ನೋಡಿ,
ಗಾಳಿ ಹಿಮವನ್ನು ಎಲ್ಲಿ ಗುಡ್ಡೆ ಹಾಕುತ್ತದೆಂದು ನೋಡಿ.
ಸರಿಬರದಿದ್ದರೆ ಕಿತ್ತು ಹೊರಟೆವು,
ಯಾರಿಗೂ ಅರ್ಜಿ ಕೊಡಲಿಲ್ಲ.
ಈಗ ನೋಮುನ್‌ಗೆ ಎಂಟು, ಸೋದ್‌ಗೆ ಆರು.
ಹೋದ ವರ್ಷ ಅವಳನ್ನು ಹಾಸ್ಟೆಲಿಗೆ ಬಿಟ್ಟು ಬಂದ ರಾತ್ರಿ
ಚಹಾ ಸುರಿಯಲು ನಾಲ್ಕು ಬಟ್ಟಲು ಇಟ್ಟಿದ್ದೆ.
ಅದೇ ಕಾರಣ.
ಕೇಳಿದವರಿಗೆ ಬೇರೇನೋ ಹೇಳುತ್ತೇವೆ.

ಮೊದಲ ಜಾಗ ಸಮತಟ್ಟು, ಶಾಲೆಗೆ ಕೂಗಳತೆ.
ಆದರೆ ಅಲ್ಲಿ ಮಕ್ಕಳಿಗೆ ಮೂರು ಪಾಳಿ, ಗಣಿ ಕೆಲಸದವರ ಹಾಗೆ.
ಕೊನೆಯ ಪಾಳಿಯಲ್ಲಿ ಮಾತ್ರ ಸ್ಥಳವಿದೆಯಂತೆ,
ಬಿಡುವ ಹೊತ್ತಿಗೆ ಕತ್ತಲು.
ಎರಡನೆಯದು ಗುಡ್ಡದ ನೆತ್ತಿ, ನಾದಿನಿ ದೆಲ್ಗರಳ ಬೇಲಿಯೊಳಗೆ.
ಕಲ್ಲಿದ್ದಲ ಹೊಗೆ ಅಲ್ಲಿಯವರೆಗೆ ಹತ್ತುವುದಿಲ್ಲ.
ನೀರೂ ಹತ್ತುವುದಿಲ್ಲ.
'ಕ್ಯಾನು ಎಳೆದೂ ಎಳೆದೂ ರೂಢಿಯಾಗುತ್ತೆ' ಎಂದಳು
ಸೊಂಟದ ಮೇಲಿನ ಕೈ ತೆಗೆಯದೆ.
ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ?
ಬಂದೇನು. ಆದರೆ ಆ ಮಂಜುಗಟ್ಟಿದ ಇಳಿಜಾರಿನಲ್ಲಿ
ಬ್ಯಾಗು ಹೊತ್ತ ಸೋದ್‌ನನ್ನು
ಕಣ್ಣಲ್ಲೇ ಒಮ್ಮೆ ಇಳಿಸಿ ನೋಡಿದೆ.
ಬೇಡ.

ಎಲ್ಲಿ ನಿಂತರೂ ಗಲ್ಸಾನ್ ಕುಕ್ಕರಗಾಲಲ್ಲಿ ಕೂತು
ಮಣ್ಣು ಕೆದಕಿ ಮೂಸುತ್ತಿದ್ದ.
'ಏನನ್ನುತ್ತೆ?'
'ಏನೂ ಅನ್ನುತ್ತಿಲ್ಲ.'
ನೋಮುನ್ ಕೇಳಿದ್ದು ಶಾಲೆಯನ್ನಲ್ಲ,
ಬಾಗಿಲು ದಕ್ಷಿಣಕ್ಕೇ ತಾನೇ ಎಂದು.
ಡ್ರೈವರ್ ಗಡಿಯಾರ ನೋಡಿದ.

ಒಣಗಿದ ಹಳ್ಳದಾಚೆ ಇನ್ನೊಂದು ಶಾಲೆ.
ಲಾರಿ ನಿಲ್ಲಿಸಿ ನಾನೊಬ್ಬಳೇ ಹೋದೆ.
ಗಂಟೆ ಹೊಡೆದು ಆಗಲೇ ಹೊತ್ತಾಗಿತ್ತು,
ಗೇಟಿನಲ್ಲಿ ಕೇಳೋಣವೆಂದರೆ ನರಪಿಳ್ಳೆ ಇಲ್ಲ.
ಆದರೆ ಮಧ್ಯಾಹ್ನವಷ್ಟೇ ಹಿಮ ಬಿದ್ದಿತ್ತು.
ದನ ಕಳೆದಾಗ ಏನು ಮಾಡುತ್ತೇವೋ ಅದನ್ನೇ ಮಾಡಿದೆ.
ಹೆಜ್ಜೆ ಹಿಡಿದೆ.

ಮೊದಲ ಓಣಿಯಲ್ಲಿ ಹೆಜ್ಜೆಗಳು ದೂರ ದೂರ,
ಮುಂಗಾಲಷ್ಟೇ ಊರಿದ್ದವು. ಮಕ್ಕಳು ಓಡಿದ್ದಾರೆ.
ನಾಯಿಯೋ, ಕುಡುಕನೋ,
ನನಗೆ ತಿಳಿಯಬೇಕಿರಲಿಲ್ಲ.
ಎರಡನೆಯದರಲ್ಲಿ ಒಂದೇ ಸಾಲು, ಚಿಕ್ಕದು,
ಪಕ್ಕದಲ್ಲಿ ಯಾರೂ ಇಲ್ಲ.
ಮೂರನೆಯ ಓಣಿಯಲ್ಲಿ ಹೆಜ್ಜೆಗಳಿಗೆ ಅವಸರವೇ ಇಲ್ಲ.
ಆ ಬದಿಗೆ ಹೋಗಿವೆ, ಈ ಬದಿಗೆ ಬಂದಿವೆ,
ಜಾರಿವೆ, ಬೇಕೆಂದೇ ಮತ್ತೆ ಜಾರಿವೆ.
ಒಂದು ಬೇಲಿಯ ಕೆಳಗೆ ಯಾರೋ ಕೂತೆದ್ದ ಗುರುತು,
ಬೆರಳಲ್ಲಿ ಬರೆದು ಅರ್ಧಕ್ಕೆ ಬಿಟ್ಟ ಲೆಕ್ಕ:
ಏಳು ಕೂಡು ಆರು.

ಆ ಬೇಲಿಯ ಗೇಟು ಬಡಿದೆ.
ಟೈರು ತೇಪೆ ಹಾಕುವ ಮುದುಕ ಬಂದ.
ಮೂಲೆಯಲ್ಲಿ ಜಾಗವಿದೆ ಎಂದ, ಬಾಡಿಗೆ ಜಾಸ್ತಿ ಹೇಳಿದ.
ನಾನೂ ಕುರಿ ಮಾರಿದವಳೇ. ಇಳಿಸಿದೆ.

ಈಗ ನಮಗೊಂದು ನಂಬರಿದೆ.
ಬೇಲಿಯ ಹಲಗೆಯ ಮೇಲೆ ನೀಲಿ ಬಣ್ಣದಲ್ಲಿ
ನೋಮುನ್ ಅದನ್ನು ಬರೆದಳು, ಒಂಬತ್ತು ತಿರುಗುಮುರುಗು.
ಬಾಗಿಲು ದಕ್ಷಿಣಕ್ಕಿದೆ,
ತೆಗೆದರೆ ಪಕ್ಕದವರ ಕಕ್ಕಸಿನ ಗೋಡೆ.
ರಾತ್ರಿ ಗಲ್ಸಾನ್ ಎರಡು ಸಲ ಎದ್ದು ಹೊರಗೆ ಹೋಗುತ್ತಾನೆ.
ಏನನ್ನು ಎಣಿಸುತ್ತಾನೆಂದು ನಾನು ಕೇಳಿಲ್ಲ.

ಕೋಲನ್ನು ಬೇಲಿಗೆ ಕಟ್ಟಿ ನಿಲ್ಲಿಸಿದ್ದಾನೆ,
ಹೊಗೆಕೊಳವೆಗಳಿಗಿಂತ ಎತ್ತರಕ್ಕೆ.
ಶಾಲೆಯ ಕಿಟಕಿಯಿಂದ ಕಾಣುತ್ತಂತೆ.
'ದಿನಾ ನೋಡ್ತೀಯಾ?' ಅಂದೆ.
'ಮೊದಮೊದಲು ನೋಡ್ತಿದ್ದೆ' ಅಂದಳು ನೋಮುನ್,
ಬೂಟು ಬಿಚ್ಚದೆ
ಮತ್ತೆ ಓಣಿಗೆ ಓಡುತ್ತ.