ಹನ್ನೆರಡು ತುಂಡು

ಹೊಸ ಬಟ್ಟೆ ಹರಿಯುವಾಗ ಬರುವ ಸದ್ದು
ಮೂವತ್ತೊಂದು ವರ್ಷದಿಂದ ಕೇಳಿದ್ದೇನೆ.
ಹಳೆಯದು ಪಿಸುಗುಟ್ಟಿ ಬಿಟ್ಟುಕೊಡುತ್ತದೆ,
ಹೊಸದು ಚೀರುತ್ತದೆ.
ಅದಕ್ಕೇ ಅಹೀಯನ ಕತೆ ಓದಿದಾಗಲೆಲ್ಲ
ಪ್ರವಾದನೆಗಿಂತ ಮೊದಲು ಆ ಸದ್ದೇ ಕಿವಿಗೆ ಬೀಳುತ್ತದೆ:
ಬಯಲಲ್ಲಿ ಇಬ್ಬರೇ. ಹೊಚ್ಚ ಹೊಸ ಹೊದಿಕೆ. ಹನ್ನೆರಡು ತುಂಡು.
ಹತ್ತು ನೀನಿಟ್ಟುಕೋ ಅಂದನಂತೆ ಯಾರೊಬ್ಬಾಮನಿಗೆ.
ಎಂಥ ಬಟ್ಟೆಯೋ. ನೇಯ್ದವಳು ಯಾರೋ.

ನಮ್ಮ ಭದ್ರಾವತಿಯಲ್ಲಿ ಹರಿದದ್ದು
ಜನವರಿಯ ಎರಡನೇ ಭಾನುವಾರ, ಆರಾಧನೆ ಮುಗಿದ ಮೇಲೆ,
ಸರ್ವಸದಸ್ಯರ ಸಭೆಯಲ್ಲಿ. ಚಹಾ ಇನ್ನೂ ಬಂದಿರಲಿಲ್ಲ.
ದೇವಪುತ್ರಣ್ಣ ಎದ್ದ, ಕ್ರೇನ್ ನಡೆಸಿದ ಕೈ ಕಟ್ಟಿಕೊಂಡು:
"ಕಾರ್ಖಾನೆ ಬಾಗಿಲು ಹಾಕಿ ಎಂಟು ತಿಂಗಳಾಯ್ತು.
ಚಂದಾ ಬಿಟ್ಟುಬಿಡಿ ಅಂತಿಲ್ಲ. ಇಳಿಸಿ."
ಕಾರ್ಯದರ್ಶಿ ಪ್ರಸನ್ನಕುಮಾರ್, ಸತ್ಯವಂತ ಮೇಷ್ಟ್ರ ಮಗ
(ಮೇಷ್ಟ್ರು ಇಟ್ಟಿಗೆ ಹೊತ್ತು ಎಬ್ಬಿಸಿದ ದೇವಾಲಯ ಅದು),
ಹಿರಿಯರ ಕಡೆ ನೋಡಿದ. "ಇಳಿಸಪ್ಪ" ಅಂದರು.
ಜೊತೆಗೆ ಓದಿದವರ ಕಡೆ ನೋಡಿದ.
ಆಮೇಲೆ ಅಂದ:
"ನಮ್ಮಪ್ಪ ಸಡಿಲ ಬಿಟ್ಟಿದ್ದಕ್ಕೇ ಹೀಗಾಗಿರೋದು.
ಬಾಕಿ ಇಟ್ಟವರಿಗೆ ಇನ್ನುಮುಂದೆ ಸಮಾಧಿ ಜಾಗ ಇಲ್ಲ."

ಕಿರುಬೆರಳು ಎತ್ತಲಿಲ್ಲ ಅವನು.
ಎತ್ತಬೇಕಾಗಿಯೂ ಇರಲಿಲ್ಲ.
ಅಪ್ಪನ ಸೊಂಟಕ್ಕಿಂತ ದಪ್ಪಗಿದ್ದ ರೆಹಬ್ಬಾಮನ ಬೆರಳು
ಶೆಕೆಮಿನಿಂದ ನಡೆದು ಬಂದು
ನಮ್ಮ ಲೆಕ್ಕದ ಪುಸ್ತಕದ ಮೇಲೆ ಕೂತಿತ್ತು.

ಹೊಳೆ ದಾಟಿ ಹೋದರು. ಸೇತುವೆಯಾಚೆ
ಗೊಬ್ಬರದಂಗಡಿಯ ಮಹಡಿಯಲ್ಲಿ ಬಾಡಿಗೆ ಹಾಲ್.
ಹಾರ್ಮೋನಿಯಂ ಅವರಿಗೆ, ಪ್ರಭುಭೋಜನದ ಬಟ್ಟಲು ನಮಗೆ.
ಗಂಟೆಯನ್ನು ಯಾರೂ ಕೇಳಲಿಲ್ಲ, ಇಳಿಸುವುದು ಕಷ್ಟ.
ನನ್ನ ತಂಗಿ ಲೇಯಾ ಅವರ ಜೊತೆ ಹೋದಳು.

ಹೋದವರಿಗೆ ಅನ್ಯಾಯವಾಗಿತ್ತು, ನಿಜ.
ಯಾರೊಬ್ಬಾಮನ ಜನಕ್ಕೂ ಆಗಿತ್ತು.
ಆದರೆ ಗೆದ್ದ ಮೇಲೆ ಅವನಿಗೆ ಹೆದರಿಕೆ ಶುರುವಾಯಿತು:
ಹಬ್ಬಕ್ಕೆಂದು ಹಳೇ ಊರಿಗೆ ಹೋದವರ ಮನಸ್ಸು
ಅಲ್ಲೇ ಉಳಿದುಬಿಟ್ಟರೆ?
"ಅಷ್ಟು ದೂರ ಯಾಕೆ ನಡೀತೀರಿ" ಎಂದು ಅಕ್ಕರೆ ತೋರಿಸಿ
ಸೀಮೆಯ ಈ ತುದಿಗೊಂದು, ಆ ತುದಿಗೊಂದು
ಬಂಗಾರದ ಕರು ನಿಲ್ಲಿಸಿದ.
ಮಹಡಿಯವರೇನೂ ಕರು ಎರಕ ಹೊಯ್ಯಲಿಲ್ಲ.
ಈಸ್ಟರ್ ಆರಾಧನೆ ನಮ್ಮದು ಆರಕ್ಕೆ ಎಂದು ತಿಳಿದು
ಅವರೂ ಆರಕ್ಕೇ ಇಟ್ಟುಕೊಂಡರು.
ಅಷ್ಟು ಸಾಕಾಯಿತು.
ನಮ್ಮ ಗೇಟಿಗೂ ಆ ವಾರ ಹೊಸ ಬೀಗ ಬಂತು, ಹಿತ್ತಾಳೆಯದು.
ಬಿಸಿಲಿಗೆ ಬಂಗಾರದ ಹಾಗೇ ಹೊಳೆಯುತ್ತಿತ್ತು.

ಅಕ್ಟೋಬರಿನಲ್ಲಿ ಎರಡೂ ಕಡೆಯವರು ನನ್ನ ಅಂಗಡಿಗೆ ಬಂದರು,
ಗಾಯಕವೃಂದಕ್ಕೆ ನಿಲುವಂಗಿ ಹೊಲಿಸಲು.
ಬೇರೆ ಬೇರೆ ದಿನ, ಬೇರೆ ಬೇರೆ ಚೀಲ,
ಒಳಗೆ ಅದೇ ಅಂಗಡಿಯ ಅದೇ ತಾನಿನ ಬಿಳಿ ಬಟ್ಟೆ.
"ಅವರದರ ಥರ ಇರಬಾರದು" ಅಂದರು ಇವರು.
ಅವರೂ ಅದನ್ನೇ ಅಂದರು. ಕೊರಳಪಟ್ಟಿ ಬದಲಿಸಿದೆ.
ಅಳತೆ ಕೊಡಲು ಲೇಯಾ ಬಂದು ಬೆನ್ನು ತಿರುಗಿಸಿ ನಿಂತಳು.
ಅಮ್ಮನ ಭುಜ. ಹದಿನಾಲ್ಕೂವರೆ. ನನ್ನದೂ ಅಷ್ಟೇ.
ಟೇಪು ಹಿಡಿದ ಕೈ ಅಲ್ಲೇ ಸ್ವಲ್ಪ ಹೊತ್ತು ನಿಂತಿತು.
ಅವಳೂ ಸರಿಯಲಿಲ್ಲ. ಮಾತಂತೂ ಬರಲಿಲ್ಲ.

ರಾತ್ರಿ ಕರೆಂಟು ಹೋಗಿ ಮೆಷಿನ್ ನಿಂತಾಗ
ಆ ಇನ್ನೊಂದು ಅಂಗಿ ನೆನಪಾಯಿತು,
ಮೇಲಿಂದ ಕೆಳತನಕ ಒಂದೇ ನೇಯ್ಗೆ, ಹೊಲಿಗೆಯೇ ಇಲ್ಲದ್ದು.
ಮೊಳೆ ಹೊಡೆದ ಸಿಪಾಯಿಗಳು, ಕೈಯ ರಕ್ತ ಆರಿರಲಿಲ್ಲ,
ಮುಟ್ಟಿ ನೋಡಿ ತಮ್ಮತಮ್ಮಲ್ಲೇ ಅಂದುಕೊಂಡರು: ಹರಿಯುವುದು ಬೇಡ.
ಚೀಟಿ ಹಾಕಿದರು. ಜೂಜೇ, ಆದರೂ ಹರಿಯಲಿಲ್ಲ.
ನಾವು ಹರಿದೆವು,
ಸ್ನಾನ ಮಾಡಿ, ಇಸ್ತ್ರಿ ಬಟ್ಟೆ ತೊಟ್ಟು, ಕಡೇ ಕೀರ್ತನೆ ಹಾಡಿದ ಬಾಯಲ್ಲಿ.

ಲಕ್ಷದ ಎಂಬತ್ತು ಸಾವಿರ ಜನ ಕತ್ತಿ ಕಟ್ಟಿ ನಿಂತಾಗ
ಅಣ್ಣತಮ್ಮಂದಿರ ಮೇಲೆ ಹೋಗಬೇಡಿ ಎಂದ ಒಬ್ಬ.
ಆ ರೆಹಬ್ಬಾಮನೂ ಕೇಳಿ ಮನೆಗೆ ತಿರುಗಿದ.
ಅವನು ಮಾಡಿದ್ದರಲ್ಲಿ ನಾನು ಮೆಚ್ಚುವುದು ಅದೊಂದೇ.
ಒಂದಂತೂ ಆಗಲಿಲ್ಲ ಅವರು.
ಒಬ್ಬರನ್ನು ಒಬ್ಬ ವೈರಿ ಹೊತ್ತೊಯ್ದ, ಇನ್ನೊಬ್ಬರನ್ನು ಇನ್ನೊಬ್ಬ.

ನಿಲುವಂಗಿಗಳು ಮುಗಿದಿವೆ, ಇಪ್ಪತ್ತಮೂರು.
ಎಲ್ಲದರ ಒಳಪಕ್ಕದಲ್ಲೂ
ಎರಡೆರಡು ಅಂಗುಲ ಬಟ್ಟೆ ಮಡಚಿ ಬಿಟ್ಟಿದ್ದೇನೆ.
ಯಾರಿಗೂ ಹೇಳಿಲ್ಲ, ಕೂಲಿಗೂ ಸೇರಿಸಿಲ್ಲ.
ಬಿಚ್ಚಿ ಜೋಡಿಸುವ ಕಾಲ ಬಂದರೆ
ಕಡಿಮೆ ಬೀಳಬಾರದು.