ಕೂದಲೆಳಿಯಷ್ಟು ಸಂದು

ಮೊದಲ ಪಾಳಿ ಆರಕ್ಕ. ನಾ ನಾಕಕ್ಕ ಬಾಗಿಲಾ ತೆಗೀತೀನಿ,
ಸೈದಾಪುರ ಸ್ಟೇಷನ್ನಿನ ಹಿಂದ, ಮೂರು ತಗಡು, ಒಂದು ಕನ್ನಡಿ.
ಮದಿವಿ ಇಲ್ಲ, ಹಬ್ಬ ಇಲ್ಲ,
ಆದ್ರೂ ದಿನಾ ದಾಡಿ ಮಾಡಿಸ್ಲಾಕ ಸಾಲು.
ಔಷಧದ ಫ್ಯಾಕ್ಟರಿಯವ್ರು ಮುಖವಾಡ ಕೊಟ್ಟಾರ,
ರಬ್ಬರಿಂದು, ಎರಡೂ ಗಲ್ಲಕ್ಕ ಒಂದೊಂದು ಡಬ್ಬಿ,
ಥೇಟ್ ನೊಣದ ಮಾರಿ.

ದಾಡಿ ಇದ್ರ ಅದು ಕೂಡಂಗಿಲ್ಲಂತ.
ಕೂದಲೆಳಿಯಷ್ಟು ಸಂದು ಸಿಕ್ರ ಸಾಕು,
ವಿಷಗಾಳಿ ಒಳಗ ಬಂದು ಕುಂದರ್ತದಂತ,
ಕರೀದೇ ಬಂದ ಅಳಿಯನಂಗ.

ಮಾರಿ ಮ್ಯಾಗ ಕೈ ಇಟ್ರ ನನಗ ಗೊತ್ತಾಗ್ತದ
ಯಾರು ಯಾವ ಪ್ಲಾಂಟಿನವ್ರಂತ.
ಮೂಗಿನ ಎಲುಬಿನಿಂದ ಗದ್ದದ ತನಕ ಕೆಂಪು ಗೆರಿ.
ತಲಿಗಿ ನೀರು ಹೊಡದ್ರ ಏಳ್ತದ ವಾಸನಿ,
ಕೊಳತ ತತ್ತಿ, ಇಲ್ಲಾ ಕೊಳತ ಬಳ್ಳೊಳ್ಳಿ.
"ವಾಸನಿ ಬರೋತನಕ ಚಿಂತಿಲ್ಲ ಕಾಕಾ," ಅಂತಾನ ಸಾಬಣ್ಣ,
"ಬರೋದು ನಿಂತಾಗ ಓಡಬೇಕು."

ಐತಾರ ರುಕ್ಮೋದ್ದೀನ್ ಬಂದ.
ಹದಿನೆಂಟು ವರ್ಷದ ದಾಡಿ, ಮೆಹೆಂದಿ ಹಚ್ಚಿದ್ದು.
ತುದಿ ಸಮಾ ಮಾಡ್ಲಾಕಷ್ಟೇ ನನ್ನ ಕತ್ತರಿ ಅದನ್ನ ಮುಟ್ಟಿತ್ತು.
ಎರಡು ದಿವ್ಸ ವ್ಯಾಸಲೀನ್ ಬಳದು ನೋಡಿದ್ನಂತ.
ಮೂರನೇ ದಿವ್ಸ ರಿಯಾಕ್ಟರಿನ ಬಾಯಿ ತೆಗದಾಗ
ಹಾಡ್ಯಾಹಗಲೇ ಕಣ್ಣ ಮುಂದ ಚಿಕ್ಕಿ.
"ತೆಗಿ ಮಲ್ಲಣ್ಣ," ಅಂದ. ಕಣ್ಣು ಮುಚ್ಚಿದ.
ತುಟಿ ಅಲುಗ್ತಿದ್ವು, ದನಿ ಇರ್ಲಿಲ್ಲ.

ನಾ ಹೊಸಾ ಬ್ಲೇಡ್ ಹಾಕ್ದೆ. ರೇಡಿಯೋ ಬಂದ್ ಮಾಡ್ದೆ.
ಸಾಲಿನ್ಯಾಗ ಕುಂತ ಹುಡುಗ್ರೂ ಮಾತು ಬಿಟ್ರು.
ಒಳಗಿಂದ ಬಂದ ಗದ್ದ ಬೆಳ್ಳಗ, ಸಣ್ಣದು,
ಎಂದೂ ಬಿಸಿಲು ಕಾಣದ್ದು.
ಅಂವ ಕನ್ನಡಿ ನೋಡಲಿಲ್ಲ.
ಕೂದಲಾ ಪೇಪರಿನ್ಯಾಗ ಕಟ್ಟಿಸ್ಕೊಂಡು ಕಿಸೇದಾಗ ಇಟ್ಕೊಂಡ.
ರೊಕ್ಕ ಒಲ್ಲೆ ಅಂದೆ. ಇಟ್ಟೇ ಹೋದ.

ಸಂಜಿಗಿ ಅವನ ಹೇಂತಿ ಬಾಗಿಲದಾಗ ತಡದು
ಯಾರು ಬೇಕಿತ್ರೀ ಅಂದ್ಳಂತ.
ಇದನ್ನ ಹೇಳಿ ಹುಡುಗ್ರು ನಗ್ತಾರ. ಅಂವನೂ ನಗ್ತಾನ,
ಕೈ ಮಾತ್ರ ಇಲ್ಲದ ದಾಡಿ ನೀವಲಾಕ ಹೋಗಿ
ನಡುವೇ ನಿಲ್ತದ.

ರಾತ್ರಿ ಗಾಳಿ ಫ್ಯಾಕ್ಟರಿ ಕಡಿಂದ ತಿರುಗ್ತದ.
ಸೈ ಮಾಡಿ ಒಂದು ಒಯ್ಯೋ ಅಂತ
ನನಗ್ಯಾರೂ ಅಂದಿಲ್ಲ.
ಗಿರಾಕಿ ಮಾರಿಗಿ ಹಾಕೋ ಟವೆಲ್ ಎಲ್ಲಾ ತೊಯ್ಸಿ, ಹಿಂಡಿ,
ಕಿಡಕಿ ಸಂದಿಗಿ ತುರುಕ್ತೀನಿ.
ಮಗಳು ಮಲಗ್ಯಾಳ, ಬಾಯಿ ತಕ್ಕೊಂಡು.
ಏಳು ವರ್ಷದ ಗಲ್ಲ, ಒಂದು ಕೂದಲಿಲ್ಲ.
ಮುಖವಾಡಕ್ಕ ಇದಕಿಂತ ಚೊಲೋ ಮಾರಿ
ಎಲ್ಲಿ ಸಿಗಬೇಕು.