ವಿಷಯದ ಸಾಲು

ಕಾರವಾರದ ತಹಶೀಲ್ದಾರ್ ಕಚೇರಿಯ ಗೋಡೆಗೆ ಬೆನ್ನು ಕೊಟ್ಟು
ಇಪ್ಪತ್ತಾರು ವರ್ಷದಿಂದ ಅರ್ಜಿ ಬರೆಯುವವಳು ನಾನು.
ಉಪ್ಪುಗಾಳಿ ತಿಂದು ನನ್ನ ಟೈಪ್‌ರೈಟರಿನ ‘ಳ’
ಒತ್ತಿದರೆ ಅರ್ಧವೇ ಬೀಳುತ್ತದೆ.
ಮಾಜಾಳಿಯವರು ಕಾಗದದ ಮೇಲೆ ಅರ್ಧ ಮೂಡುತ್ತಾರೆ,
ಯಾರೂ ದೂರು ಕೊಟ್ಟಿಲ್ಲ.

ಸುಗಂಧಾ ಮೀನು ಮಾರಿ ನೇರ ಬಂದಿದ್ದಳು,
ಮುಂಗೈಯಲ್ಲಿ ಇನ್ನೂ ಬಂಗಡೆಯ ಹೊಳಪು.
ಮಗನ ಪಟ್ಟಿಯಿಂದ ಹರಿದ ಹಾಳೆ;
‘ಮಾನ್ಯರೇ’ ಕೆಳಗೆ ಒಂದು ಗೆರೆ:
ವಿಷಯ: ನಮ್ಮ ಕುಟುಂಬದ ಬಗ್ಗೆ.

ಯಾರ ಕುಟುಂಬ ಮಾರಾಯ್ತಿ?
ಬೈತಖೋಲದ ದಕ್ಕೆಯ ಬೆಕ್ಕಿಗೂ ಒಂದಿದೆ.
ಈ ಕಾಗದ ಹೋಗಿ ಬೀಳುವ ಮೇಜು ನೆನೆಸಿಕೋ:
ಯಾವುದೋ ದೇವಸ್ಥಾನದ ಹಿಂದಿನ ಕೋಣೆ,
ಒಬ್ಬ ಗುಮಾಸ್ತ, ನಲವತ್ತು ಲಕೋಟೆ,
ಊಟದ ಹೊತ್ತು.
ಆ ಒಂದು ಸಾಲು ಓದುತ್ತಾನೆ. ಅಷ್ಟೇ ಓದುತ್ತಾನೆ.
ತಮ್ಮ ಹಳೆಯ ಪುಸ್ತಕ ತೆಗೆಯಲು ಏಳಬೇಕೋ ಬೇಡವೋ
ಅವನ ಮೊಣಕಾಲಿಗೆ ಆ ಸಾಲೇ ಹೇಳಬೇಕು.

‘ತುರ್ತು’ ಅಂತ ಹಾಕಿ ಅಂದಳು.
ಸತ್ತು ಐವತ್ತು ವರ್ಷವಾದವಳಿಗೆ ಎಂಥ ತುರ್ತು?
‘ದಯವಿಟ್ಟು ಸಹಾಯ ಮಾಡಿ’ ಅಂದಳು.
ಅದನ್ನು ಎಲ್ಲರೂ ಬರೆಯುತ್ತಾರೆ.
ಹಾಗಾದರೆ ‘ನಮ್ಮಜ್ಜಿ ಲಕ್ಷ್ಮೀ’.
ಲಕ್ಷ್ಮಿಯರನ್ನು ಎಣಿಸುತ್ತ ಹೋದರೆ
ಕಾಳಿ ಸೇತುವೆ ದಾಟುವುದರೊಳಗೆ ಲೆಕ್ಕ ತಪ್ಪುತ್ತದೆ.

ಅವಳು ಸೆರಗು ಹಿಂಡುತ್ತ ಹೇಳಿದಳು:
ಅದು ಮದುವೆಯ ಹೆಸರು, ಬಾಯಿ.
ಅಕ್ಕಿ ಹರಡಿದ ತಟ್ಟೆಯಲ್ಲಿ ಅಜ್ಜ ಉಂಗುರದಿಂದ ಗೀಚಿದ್ದು.
ಆಮೇಲೆ ಆ ಅಕ್ಕಿಯನ್ನು ಬೇಯಿಸಿ ಉಂಡರಂತೆ.

ಅದಕ್ಕೂ ಹಿಂದಿನದು?

ಗೊತ್ತಿಲ್ಲ. ಕೊನೆಯ ಜ್ವರದಲ್ಲಿ ಒಮ್ಮೆ
ತನ್ನನ್ನು ತಾನೇ ಕೂಗಿಕೊಂಡಿದ್ದಳಂತೆ:
ಗೇ ಆಬೋಲಿ, ಭರತಿ ಬಂತು, ಹಗ್ಗ ಹಿಡಿ.

ಹಾಳೆ ಸುರುಳಿಗೆ ಏರಿಸಿದೆ.

ವಿಷಯ: ಆಬೋಲಿ, ಮದುವೆಯಾದ ಮೇಲೆ ಲಕ್ಷ್ಮೀ;
ಹರಿಕಂತ್ರ; ಸದಾಶಿವಗಡ ಅಥವಾ ಚಿತ್ತಾಕುಲ;
ಜನನ ಸುಮಾರು ೧೯೨೪; ತಂದೆ ಯಾರು?

‘ಸುಮಾರು’ ಮೇಲೆ ಬೆರಳಿಟ್ಟು ನಾಚಿದಳು.
ಇರಲಿ ಬಿಡು. ತಿಳಿಯದ್ದನ್ನು ತಿಳಿಯದು ಎಂದರೆ
ಹುಡುಕುವವನು ಎರಡು ವರ್ಷ ಆಚೀಚೆ ಕೈಯಾಡಿಸುತ್ತಾನೆ.
ಖಚಿತ ಎಂದು ಸುಳ್ಳಾಡಿದರೆ
ಅದೇ ಪುಟ ನೋಡಿ ಮುಚ್ಚಿಬಿಡುತ್ತಾನೆ.

ಮುಳುಗಿದ ಅಣ್ಣನ ಸುದ್ದಿ, ತೆಂಗಿನ ತೋಟದ ವ್ಯಾಜ್ಯ,
ಮೂಗುತಿ ಯಾರ ಪಾಲಾಯಿತೆಂಬುದು,
ಎಲ್ಲ ತುರುಕಬೇಕೆಂದಳು ಅದೇ ಸಾಲಿಗೆ.
ಒಂದು ಗಾಳಕ್ಕೆ ಒಂದೇ ಮೀನು, ನಿನಗೆ ನಾನು ಹೇಳಬೇಕೆ?

ಏಳು ಕಾಗದ ಹೋದವು. ಗೋವೆಗೆ ಮೂರು,
ಮಾಲವಣಕ್ಕೆ ಎರಡು, ಅಂಕೋಲೆಗೊಂದು,
ಇನ್ನೊಂದು ಎಲ್ಲಿಗೋ, ನಾನು ಮರೆತೆ.
‘ನಮ್ಮವಳಲ್ಲ’ ಎಂದು ಇಬ್ಬರು ಬರೆದರು;
ಅದೂ ಉಪಕಾರವೇ.
ಎಂಟನೆಯ ತಿಂಗಳು ಒಂದು ಕಾರ್ಡು,
ನಮಸ್ಕಾರವಿಲ್ಲ, ಕ್ಷೇಮವಿಲ್ಲ, ಮುಕ್ಕಾಲು ಪಾಲು ಖಾಲಿ:

ವಿಷಯ: ಆಬೋಲಿಯ ತಂದೆ ಪೊಕ್ಕ. ಅವಳೇ ಹಿರಿಯವಳು.
ಕಿರಿಯರಲ್ಲಿ ಇಬ್ಬರು ಇನ್ನೂ ಇದ್ದೇವೆ.

ಸುಗಂಧಾ ಅದನ್ನು ತಿರುಗಿಸಿ ಅಂಚೆ ಮುದ್ರೆಯನ್ನೂ ಓದಿದಳು.
ಮರು ಉತ್ತರ ಬರೆಸಲು ಕೂತವಳು
‘ಇಂತಿ’ ಎಂಬಲ್ಲಿ ನನ್ನ ಕೈ ತಡೆದಳು.
ಸುಗಂಧಾ ಕೂಡ ತಟ್ಟೆಯಲ್ಲಿ ಗೀಚಿದ ಹೆಸರೇ, ಬಾಯಿ.
ಪಕ್ಕದಲ್ಲಿ ಕಮಳಿ ಅಂತಲೂ ಹಾಕಿ,
ನಾಳೆ ಯಾರಾದರೂ ಹುಡುಕಿಯಾರು.

‘ಕ’ ಬಿತ್ತು. ‘ಮ’ ಬಿತ್ತು.
ಮುಂದಿನದು, ಗೊತ್ತಲ್ಲ, ಅರ್ಧ.
ಪೆನ್ನು ತೆಗೆದು
ಉಳಿದರ್ಧವನ್ನು ಕೈಯಿಂದ ಬರೆದೆ.